ಮೆಗುಮಿ ಹೆಸರೆತ್ತದೆ ಒಂದು ವಾಕ್ಯ

ರಾತ್ರಿ ಒಂದೂವರೆ ಆಯ್ತು. ನಿದ್ದೆ ಹತ್ತುತ್ತಿಲ್ಲ. ಆ ಹುಡುಗ ಕೇಳಿದ್ದೇ ಕಿವಿಯಲ್ಲಿ ಕೊರೆಯುತ್ತಿದೆ. "ಅಕ್ಕಾ, ತ್ಸುಮಿಕಿ ಬಗ್ಗೆ ಒಂದೇ ಒಂದು ವಾಕ್ಯ ಹೇಳಿ. ಮೆಗುಮಿ ಹೆಸರು ಎತ್ತಬಾರದು, ಅಷ್ಟೆ."

ನನಗೆ ಹೇಳೋಕೆ ಆಗಲಿಲ್ಲ.

ಗೆಳತಿ ಮನೆ ತಾರಸಿ ಮೇಲೆ ಎಂಟು ಜನ ಕೂತಿದ್ದೆವು. ಮಾತು ತೆಗೆದದ್ದು ನಾನೇ. ಹುಡುಗರ ಪತ್ರಿಕೆಯಲ್ಲಿ ಬರುತ್ತಿದ್ದ ಜಪಾನಿ ಕಾಮಿಕ್ಸ್ ಜುಜುತ್ಸು ಕೈಸೆನ್‌ನಲ್ಲಿ ಹೆಣ್ಣುಮಕ್ಕಳಿಗೆ ಅನ್ಯಾಯ ಆಗಿದೆ ಅಂದೆ. ಯಾರೂ ಒಪ್ಪಲಿಲ್ಲ. ತ್ಸುಮಿಕಿಯನ್ನೇ ನೋಡಿ, ಎಷ್ಟು ಒಳ್ಳೆ ಪಾತ್ರ, ಹೇಗೆ ಹಾಳು ಮಾಡಿದರು ಅಂದೆ. ಅಲ್ಲೇ ಸಿಕ್ಕಿಹಾಕಿಕೊಂಡೆ. "ಎಲ್ಲಿದೆ ಅಕ್ಕಾ ಪಾತ್ರ?" ಅಂದ. ಇನ್ನೂ ಸೆಕೆಂಡ್ ಪಿಯುಸಿ ಹುಡುಗ, ಗೆಳತಿಯ ತಮ್ಮನ ಸ್ನೇಹಿತ. ಆಮೇಲೆ ಬಂತು ಆ ಪ್ರಶ್ನೆ.

ಮೆಗುಮಿ ಆ ಕಥೆಯ ಮುಖ್ಯ ಹುಡುಗರಲ್ಲೊಬ್ಬ. ಅವನ ಅಕ್ಕ ಅಂತ ಬಾಯಿ ತುದಿಗೆ ಬಂತು. ನುಂಗಿಕೊಂಡೆ. ಶಾಪ ತಗುಲಿ ಎಚ್ಚರವಿಲ್ಲದೆ ಮಲಗಿರುತ್ತಾಳೆ ಅಂದೆ. "ಅದು ಅವಳಿಗೆ ಆಗಿದ್ದು. ಅವಳು ಎಂಥವಳು ಹೇಳಿ." ತುಂಬಾ ಒಳ್ಳೆಯವಳು ಅಂದೆ. "ಯಾರಿಗೆ?" ಅಂದ. ಯಾರಿಗಾದರೂ ಶಾಪ ಹಾಕುವಷ್ಟು ಪುರುಸೊತ್ತಿದ್ದರೆ ನನಗೆ ಬೇಕಾದವರ ಬಗ್ಗೆ ಯೋಚನೆ ಮಾಡ್ತೀನಿ ಅನ್ನೋ ಅರ್ಥದಲ್ಲಿ ಅವಳೊಂದು ಮಾತು ಆಡ್ತಾಳಲ್ಲ, ಅದು ನೆನಪಾಯಿತು. ನನಗೆ ಆ ಮಾತು ತುಂಬಾ ಇಷ್ಟ. ಗೆದ್ದೆ ಅಂದುಕೊಂಡು ಹೇಳಿದೆ. "ಅದನ್ನು ಕೇಳಿಸಿಕೊಂಡಿದ್ದು ಮೆಗುಮಿ. ನಮಗೆ ಸಿಗೋದೂ ಮೆಗುಮಿಯ ನೆನಪಿನಲ್ಲಿ. ಲೆಕ್ಕಕ್ಕಿಲ್ಲ ಅಕ್ಕಾ."

ಕೈಯಲ್ಲಿ ಚುರುಮುರಿ ಪೊಟ್ಟಣ ಇತ್ತು. ಪುರಿ ಮೆತ್ತಗಾಗಿ, ಎಣ್ಣೆ ಕಾಗದ ದಾಟಿ ಅಂಗೈಗೆ ಅಂಟುತ್ತಿತ್ತು. ಯಾರೋ ಫೋನಿನಲ್ಲಿ ಮೂವತ್ತು ಸೆಕೆಂಡಿನ ಟೈಮರ್ ಹಾಕಿದರು. ನಾನು ತಲೆಯೊಳಗೇ ಪುಟ ತಿರುವುತ್ತಿದ್ದೆ. ಮುಂದೆ ಏನಾಗಬೇಕು ಅಂತಿದ್ದಳು? ಒಬ್ಬಳೇ ಇದ್ದಾಗ ಏನು ಮಾಡುತ್ತಿದ್ದಳು? ಯಾವುದಕ್ಕೆ ಹೆದರುತ್ತಿದ್ದಳು? ಏನೂ ಸಿಗಲಿಲ್ಲ. ಟೈಮರ್ ಕಿರುಚಿತು. ಎಲ್ಲರೂ ನಕ್ಕರು. "ಪಾತ್ರಾನೇ ಇಲ್ಲ ಅಂದ್ಮೇಲೆ ಅನ್ಯಾಯ ಯಾರಿಗೆ?" ಅಂದ ಇನ್ನೊಬ್ಬ. ಅದಕ್ಕೂ ಮಾತು ಹೊರಡಲಿಲ್ಲ. ಪೊಟ್ಟಣ ಮುದುಡಿ ಕೈಯಲ್ಲೇ ಹಿಡಿದುಕೊಂಡು ಕೂತೆ.

ನಾನು ಹೇಳುತ್ತಿದ್ದದ್ದೂ ಅದೇ ಅಲ್ವಾ! ಅವಳಲ್ಲಿ ಅವಳದು ಅಂತ ಏನೂ ಉಳಿಸಿಲ್ಲ, ಅದೇ ಅನ್ಯಾಯ. ಬರೆದವರು ಅವಳ ಬಾಯಿಗೆ ಮಾತೇ ಕೊಟ್ಟಿಲ್ಲ, ನಾನು ಎಲ್ಲಿಂದ ತರಲಿ? ಇದು ಅಲ್ಲಿ, ಆ ಕ್ಷಣದಲ್ಲಿ ಹೊಳೆಯಲಿಲ್ಲ. ಬಸ್ಸಿನಲ್ಲಿ ಹೊಳೆಯಿತು. ಯಾರಿಗೆ ಹೇಳಲಿ?

ಸಾವಿನ ಆಟವೊಂದರಲ್ಲಿ ಸಿಕ್ಕಿಕೊಂಡ ಅವಳನ್ನು ಉಳಿಸಬೇಕು ಅಂತ ಎಷ್ಟು ಚಾಪ್ಟರ್ ಪಾಯಿಂಟ್ ಕೂಡಿಸುತ್ತಾರೆ! ನಾನೂ ಜೊತೆಗೆ ಲೆಕ್ಕ ಹಾಕಿದ್ದೆ. ಕೊನೆಗೆ ಎದ್ದು ಬಂದವಳು ಅವಳೇ ಅಲ್ಲ. ಅವಳ ಮೈಯೊಳಗೆ ಸಾವಿರ ವರ್ಷ ಹಿಂದಿನ ಯೊರೊಝು ಅನ್ನೋ ಮಂತ್ರಗಾತಿ. ಆ ಹೆಂಗಸಿಗಾದರೂ ತನ್ನದು ಅಂತ ಏನಾದರೂ ಇತ್ತಾ ಅಂದರೆ, ಅವಳಿಗೆ ಶಾಪಗಳ ರಾಜ ಸುಕುನಾನನ್ನು ಮದುವೆ ಆಗಬೇಕಂತೆ. ಆಮೇಲೆ ಸುಕುನಾ ಮೆಗುಮಿಯ ಮೈಯಲ್ಲಿ ನಿಂತು, ಮೆಗುಮಿಯದೇ ವಿದ್ಯೆಯಿಂದ ಅವಳನ್ನು ಕೊಲ್ಲುತ್ತಾನೆ. ಯಾಕೆ? ಒಳಗಿರುವ ಮೆಗುಮಿಯ ಜೀವ ಕುಗ್ಗಿ ಮುಳುಗಲಿ ಅಂತ. ಕಥೆಯೇ ಬಾಯಿಬಿಟ್ಟು ಹೇಳುತ್ತೆ ಇದನ್ನು. ತ್ಸುಮಿಕಿ ಸತ್ತದ್ದು ತ್ಸುಮಿಕಿಯ ಸುದ್ದಿ ಅಲ್ಲ. ಅದೂ ಮೆಗುಮಿಗೆ ಆದ ಏಟು.

ಬಿಡಿ, ಅವಳು ಮೊದಲಿನಿಂದಲೂ ಹಾಸಿಗೆ ಹಿಡಿದವಳು ಅನ್ನಬಹುದು. ಮೆಗುಮಿಯ ಜೊತೆ ಓದುವ ನೋಬಾರಾ? ಸುತ್ತಿಗೆ, ಮೊಳೆ, ಹುಲ್ಲಿನ ಗೊಂಬೆ ಹಿಡಿದು ಹಳ್ಳಿಯಿಂದ ಟೋಕಿಯೊಗೆ ಬಂದ ಹುಡುಗಿ. ಕ್ಯೋಟೋ ಶಾಲೆಯವರ ಜೊತೆ ಪಂದ್ಯ ನಡೆದಾಗ ಆ ಕಡೆಯ ಮೋಮೋ ಅವಳಿಗೆ ಹೇಳುತ್ತಾಳೆ, ಶಾಪಗಳ ಜೊತೆ ಕಾದಾಡುವ ಈ ಕೆಲಸದಲ್ಲಿ ಹೆಣ್ಣು ಬರೀ ಗಟ್ಟಿಯಾಗಿದ್ದರೆ ಸಾಲದು, ಎಲ್ಲದರಲ್ಲೂ ಸರಿಯಾಗಿರಬೇಕು ಅಂತ. ಚೆಂದ ಇರುವ ನಾನೂ ನನಗಿಷ್ಟ, ಬಲ ಇರುವ ನಾನೂ ನನಗಿಷ್ಟ ಅನ್ನೋ ಹಾಗೆ ನೋಬಾರಾ ತಿರುಗಿಸಿ ಕೊಡುತ್ತಾಳೆ. ಅದನ್ನು ಓದಿದ ದಿನ ನಾನು ಎದ್ದು ಕೋಣೆಯೆಲ್ಲಾ ಓಡಾಡಿದ್ದೆ. ಈ ಕಥೆ ಬರೆದವರಿಗೆ ಅರ್ಥ ಆಗುತ್ತೆ, ಇವರು ಹೀಗೆಲ್ಲಾ ಮಾಡೋರಲ್ಲ ಅಂತ ನಂಬಿದ್ದೆ. 125ನೇ ಚಾಪ್ಟರ್‌ನಲ್ಲಿ ಅವಳ ಎಡಗಣ್ಣು ಒಡೆದುಹೋಯಿತು. ಅದೂ ಕಥಾನಾಯಕ ಯೂಜಿಯ ಕಣ್ಣೆದುರೇ. ಆಗ 2020. ಮುಂದೆ ಯೂಜಿ, ನೋಬಾರಾ ಹೇಗಿದ್ದಾಳೆ ಅಂತ ಕೇಳಿದರೆ ಮೆಗುಮಿ ಸುಮ್ಮನೆ ಮುಖ ತಗ್ಗಿಸುತ್ತಾನೆ. ಮುಗೀತು. ಸತ್ತಳಾ, ಬದುಕಿದ್ದಾಳಾ, ಹೇಳಲಿಲ್ಲ. 267ನೇ ಚಾಪ್ಟರ್‌ಗೆ ವಾಪಸ್ ತಂದರು, 2024ರಲ್ಲಿ. ಸುಕುನಾನ ಜೀವದ ತುಣುಕಿದ್ದ ಕೊನೆಯ ಬೆರಳಿಗೆ ಮೊಳೆ ಹೊಡೆದಳು. ಅವನು ಒಂದು ಕ್ಷಣ ತಡೆದು ನಿಂತ, ಯೂಜಿಗೆ ದಾರಿಯಾಯಿತು. 271ಕ್ಕೆ ಕಥೆಯೇ ಮುಗಿಯಿತು. ಅವಳು ಬಂದಾಗ ನಾನು ಅತ್ತೆ, ನಿಜ. ಅಷ್ಟು ಖುಷಿ ಆಗಿತ್ತು. ಈಗ ಯೋಚಿಸಿದರೆ ಹೊಟ್ಟೆ ಉರಿಯುತ್ತೆ. ನಾಲ್ಕು ವರ್ಷ ಕಾದಿದ್ದು ಒಂದು ಮೊಳೆಗಾ?

ಇದು ಇವರೊಬ್ಬರ ಕಥೆಯಲ್ಲ. ನರುಟೊ ಅನ್ನೋ ಇನ್ನೊಂದು ಜಪಾನಿ ಕಾಮಿಕ್ಸ್‌ನಲ್ಲಿ ರಿನ್ ಇದ್ದಾಳೆ. ತನ್ನೊಳಗೆ ಮೂರು ಬಾಲದ ಮೃಗವನ್ನು ಕೂಡಿಟ್ಟಿದ್ದಾರೆ, ತಾನು ಊರು ಸೇರಿದರೆ ಊರಿಗೇ ಕೇಡು ಅಂತ ಗೊತ್ತಾಗಿ, ಜೊತೆಗಾರ ಕಾಕಾಶಿಯ ಏಟಿಗೆ ತಾನೇ ಎದೆ ಕೊಡುತ್ತಾಳೆ. ಆ ಕಥೆಯಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಎಷ್ಟು ಜನ ತಗೊಂಡಿದ್ದಾರೆ? ಆದರೆ ಅದರಿಂದ ಹುಟ್ಟಿದ್ದೇನು? ಅವಳನ್ನು ಪ್ರೀತಿಸಿದ ಒಬಿಟೋನ ಸಿಟ್ಟು, ಒಬಿಟೋನ ಯುದ್ಧ, ಕಾಕಾಶಿಯ ಅಪರಾಧಿ ಭಾವ. ಅವಳ ಆ ರಾತ್ರಿ ಅವಳದಾಗಲೇ ಇಲ್ಲ. ಅಮೆರಿಕದ ಕಾಮಿಕ್ಸ್‌ನಲ್ಲಿ ಇದಕ್ಕೆ ಹೆಸರೇ ಇದೆ. 1994ರಲ್ಲಿ ಗ್ರೀನ್ ಲ್ಯಾಂಟರ್ನ್‌ನ ನಾಯಕನ ಗೆಳತಿಯನ್ನು ಕೊಂದು ಫ್ರಿಜ್ಜಿನಲ್ಲಿ ತುರುಕಿದರು. 1999ರಲ್ಲಿ, ಆಮೇಲೆ ಕಾಮಿಕ್ಸ್ ಲೇಖಕಿಯಾದ ಗೇಲ್ ಸಿಮೋನ್ ಅಂಥವರ ಪಟ್ಟಿ ಮಾಡಿ, ಫ್ರಿಜ್ಜಿನ ಹೆಂಗಸರು ಅಂತಲೇ ಕರೆದರು. ಅಂದರೆ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿದ್ದೂ ಮಾಡುತ್ತಾರೆ.

"ಅದು ಹುಡುಗರ ಪತ್ರಿಕೆ, ಅಲ್ಲಿ ಹಾಗೇ ಇರೋದು" ಅಂದಳು ಗೆಳತಿ. ಅವಳೂ! ಹಾಗಾದರೆ ಹಿರೊಮು ಅರಕಾವಾ ಅವರ ಫುಲ್‌ಮೆಟಲ್ ಆಲ್ಕೆಮಿಸ್ಟ್ ಬಂದಿದ್ದು ಎಲ್ಲಿ? ಅದೂ ಹುಡುಗರ ಪತ್ರಿಕೆಯಲ್ಲೇ, 2001ರಿಂದ 2010ರವರೆಗೆ. ಅದರಲ್ಲಿ ವಿನ್ರಿ ಅನ್ನೋ ಹುಡುಗಿಯ ಅಪ್ಪ ಅಮ್ಮನನ್ನು ಕೊಂದವನು ಸ್ಕಾರ್. ಅವನ ಕೈಗೆ ಗಾಯ ಆದಾಗ ಅವಳೇ ಕೂತು ಪಟ್ಟಿ ಕಟ್ಟುತ್ತಾಳೆ. ಕ್ಷಮಿಸಿಲ್ಲ. ಅಪ್ಪ ಅಮ್ಮ ಇದ್ದಿದ್ದರೆ ಇದನ್ನೇ ಮಾಡುತ್ತಿದ್ದರು ಅಂತ ಕಟ್ಟುತ್ತಾಳೆ. ಆ ಬಟ್ಟೆ ಸುತ್ತುವ ಕೈ, ಆ ಬಿಗಿದ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ನಾಯಕ ಎಡ್‌ನ ಹೆಸರೆತ್ತದೆ ವಿನ್ರಿಯ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಕೇಳಲಿ ಯಾರಾದರೂ. ಆಗುತ್ತೆ, ಬರೆಯೋಕೆ ಆಗುತ್ತೆ. ಮನಸ್ಸು ಮಾಡಬೇಕು.

ಏನು ಪ್ರಯೋಜನ ಅಂತಲೂ ಅನ್ನಿಸುತ್ತೆ. ಕಥೆ ಮುಗಿದು ಹೋಗಿದೆ. ತ್ಸುಮಿಕಿ ಎದ್ದು ಬರಲ್ಲ. ಇನ್ನು ಮೇಲೆ ಇಂಥವು ಓದಲ್ಲ ಅಂತ ಬಸ್ ಇಳಿಯುವಾಗ ತೀರ್ಮಾನ ಮಾಡಿದ್ದೆ. ಮನೆಗೆ ಬಂದವಳು ಚಪ್ಪಲಿ ಬಿಟ್ಟು ಸೀದಾ ಹಳೆಯ ಸಂಪುಟಗಳನ್ನೇ ತೆಗೆದೆ. ಆ ವಾಕ್ಯ ಸಿಗಬಹುದು ಅಂತ.

ಹನ್ನೆರಡೂವರೆಗೆ ಸಿಕ್ಕಿತು ಅಂದುಕೊಂಡೆ. ತ್ಸುಮಿಕಿ ದೆವ್ವದ ಜಾಗ ಅಂತ ಹೆಸರಾದ ಯಾಸೊಹಾಚಿ ಸೇತುವೆಗೆ ಹೋಗಿದ್ದಳು. ಮೆಗುಮಿ ಜೊತೆಗಿರಲಿಲ್ಲ, ಅವನಿಗೆ ಗೊತ್ತೂ ಇರಲಿಲ್ಲ. ಅವಳಾಗಿ ಮಾಡಿದ ಒಂದು ಕೆಲಸ! ಹುಡುಗನಿಗೆ ಮೆಸೇಜ್ ಟೈಪ್ ಮಾಡಿದೆ. ಕಳಿಸುವ ಮುಂಚೆ ಪುಟ ಇನ್ನೊಮ್ಮೆ ನೋಡಿದೆ. ಅವಳು ಹೋಗಿದ್ದನ್ನು ತೋರಿಸಿಲ್ಲ. ಬೇರೆ ಯಾರೋ ಹುಡುಗಿ ಬಂದು ಹೇಳುತ್ತಾಳೆ. ಹೇಳೋದು ಮೆಗುಮಿಗೆ. ಆ ಚೌಕದ ತುಂಬಾ ಇರೋದು ಮೆಗುಮಿಯ ಮುಖ.

ಅಳಿಸಿದೆ.

ಓದಿದವರು ನೂರಾರು ಜನ ಇದ್ದೀರಿ. ನನಗೆ ಕಾಣದ್ದು ನಿಮಗೆ ಕಂಡಿರಬಹುದು. ದಯವಿಟ್ಟು ಯಾರಾದರೂ ಹೇಳಿ. ತ್ಸುಮಿಕಿ ಬಗ್ಗೆ, ಮೆಗುಮಿ ಹೆಸರೆತ್ತದೆ, ಒಂದು ವಾಕ್ಯ. ಬೆಳಗ್ಗೆ ಆ ಹುಡುಗನಿಗೆ ಕಳಿಸಬೇಕು.