ಹೈದರಾಲಿ ಬಂದ, ನಮ್ಮ ಬಸ್ಸು ಬರಲಿಲ್ಲ

ಕೆಳದಿ ಅರಸರು ರಾಜಧಾನಿಯನ್ನು ಇಕ್ಕೇರಿಯಿಂದ ಬಿದನೂರಿಗೆ ಯಾಕೆ ಸಾಗಿಸಿದರು ಅಂತ ತಿಳಿಯಬೇಕಾದರೆ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಆ ಕಡೆ ಬಸ್ಸಲ್ಲಿ ಹೊರಡಬೇಕು. ಬಿಜಾಪುರದ ಸೈನ್ಯ ಇಕ್ಕೇರಿಗೆ ನುಗ್ಗಿ ಹಾಳುಗೆಡವಿತ್ತು. ಇನ್ನು ಯಾರ ಕೈಗೂ ಸುಲಭವಾಗಿ ಸಿಗಬಾರದು ಅಂತ ಅವರು ಗುಡ್ಡ, ಕಾಡು, ಮಳೆ ಮೂರೂ ಧಾರಾಳವಾಗಿರೋ ಜಾಗ ನೋಡಿಕೊಂಡರು. ಆ ಏರ್ಪಾಡು ಇವತ್ತಿಗೂ ಗಟ್ಟಿಯಾಗಿದೆ. ಸೈನ್ಯ ಬರೋದು ಯಾವಾಗಲೋ ನಿಂತಿದೆ, ಈಗ ಬಸ್ಸೂ ಬರಲ್ಲ.

ಜಾಸ್ತಿ ಜನ ಆಗುಂಬೆ ನೋಡಿ, ಜೋಗ ನೋಡಿ ಕಾರು ತಿರುಗಿಸುತ್ತಾರೆ. ಇವೆರಡರ ನಡುವೆ ಇರೋದನ್ನು ನಿಧಾನವಾಗಿ ನೋಡೋಣ ಅಂತ ನಾನು, ನನ್ನ ಹೆಂಡತಿ ಹೊರಟೆವು. ನಿಧಾನ ಮಾಡೋ ಕಷ್ಟ ನಮಗೆ ಬೀಳಲೇ ಇಲ್ಲ, ಅದನ್ನೆಲ್ಲ ಬಸ್ಸಿನವರೇ ನೋಡಿಕೊಂಡರು. ಒಂದು ಕಡೆ ಅಡಿಕೆ ಮೂಟೆ ಹತ್ತಬೇಕಿತ್ತು. ಮೂಟೆ ರಸ್ತೆ ಬದಿಯಲ್ಲೇ ಇತ್ತು, ಮೂಟೆಯ ಯಜಮಾನರು ಮಾತ್ರ ಇನ್ನೂ ಸ್ನಾನಕ್ಕೆ ಹೋಗಿದ್ದರು. ಬಸ್ಸಲ್ಲಿ ಒಬ್ಬರೂ ಗೊಣಗಲಿಲ್ಲ. "ಬಿಸಿನೀರು ಕಾದಿರ್ಲಿಕ್ಕಿಲ್ಲ ಪಾಪ" ಅಂದರು ಮುಂದಿನ ಸೀಟಿನ ಅಜ್ಜಿ.

ಕವಲೇದುರ್ಗದ ಕ್ರಾಸಿನಲ್ಲಿ ಇಳಿದು ಟೀ ಅಂಗಡಿಗೆ ನುಗ್ಗಿದೆವು. ಅಂಗಡಿಯ ಅಮ್ಮ ಇಂಬಳಕ್ಕೆ, ಅಂದರೆ ರಕ್ತ ಹೀರೋ ಜಿಗಣೆಗೆ ಅಂತ ಒಂದಿಷ್ಟು ಸುಣ್ಣ ಕೊಟ್ಟರು. ಹೆಂಡತಿ ಶ್ರದ್ಧೆಯಿಂದ ತನ್ನ ಎರಡೂ ಕಾಲಿಗೆ ಹಚ್ಚಿಕೊಂಡಳು, ಅಲ್ಲಿಗೆ ಸುಣ್ಣ ಮುಗಿಯಿತು. ಆಮೇಲೆ ಗದ್ದೆ ಬದುವಿನಲ್ಲಿ ಇಂಬಳಗಳು ಅವಳನ್ನು ಬಿಟ್ಟು, ಸರತಿ ಸಾಲಲ್ಲಿ ನನ್ನ ಕಡೆಗೇ ಬಂದವು. "ನಿಮ್ಮದು ಸಿಹಿ ರಕ್ತ ಇರ್ಬೇಕು" ಅಂದಳು. ನನಗೆ ಸಕ್ಕರೆ ಕಾಯಿಲೆ ಇರೋದು ಹೌದು, ಆದರೂ ಹೀಗೆ ಹೇಳಬಾರದು.

ಕೋಟೆಯ ಬಗ್ಗೆ ಹೇಳಲೇಬೇಕು. ಒಂದರ ಮೇಲೊಂದು ಮೂರು ಸುತ್ತು ಗೋಡೆ. ಒಂದು ಬಾಗಿಲು ದಾಟಿ ಉಸ್ಸಪ್ಪಾ ಅನ್ನೋ ಹೊತ್ತಿಗೆ ಇನ್ನೊಂದು ಕಾಣುತ್ತದೆ. ಪಾಚಿ ಹಿಡಿದ ಕಲ್ಲುಹಾಸಿನ ಮೇಲೆ ನಾನು ಕೂತುಕೊಂಡೇ ಎಷ್ಟೋ ದೂರ ಸಾಗಿದೆ. ಮೇಲೆ ಅರಮನೆಯಲ್ಲಿ ಉಳಿದಿರೋದು ತಳಪಾಯ, ಕಂಬದ ಕಲ್ಲುಗಳು, ಮತ್ತೆ ಅಡುಗೆಮನೆಯ ಕಲ್ಲಿನ ಒಲೆ. ಒಂದೇ ಸಲಕ್ಕೆ ಹಲವು ಪಾತ್ರೆ ಇಡೋ ಒಲೆ! ಕಾಶಿ ವಿಶ್ವನಾಥನ ಗುಡಿಯ ಮುಂದೆ ನಿಂತಿದ್ದಕ್ಕಿಂತ ಜಾಸ್ತಿ ಹೊತ್ತು ಹೆಂಡತಿ ಅದರ ಮುಂದೆ ನಿಂತಳು. ನಮ್ಮ ಹತ್ತಿರ ಇದ್ದಿದ್ದು ಒಂದು ಬಿಸ್ಕತ್ತಿನ ಪೊಟ್ಟಣ. ಅದನ್ನು ಊರಿಂದ ನಮ್ಮ ಹಿಂದೆಯೇ ಬಂದಿದ್ದ ನಾಯಿ ಎರಡನೇ ಬಾಗಿಲಲ್ಲೇ ಸುಂಕದ ಹಾಗೆ ವಸೂಲಿ ಮಾಡಿತ್ತು.

ಇಳಿದು ಬಂದು ಒಂದು ಮನೆಯಲ್ಲಿ ನೀರು ಕೇಳಿದರೆ ಎಲೆ ಹಾಕಿಬಿಟ್ಟರು. "ಬಸ್ಸು ತಪ್ಪುತ್ತೆ" ಅಂದೆ. "ಬಂದ್ರೆ ತಾನೆ ಮಾರಾಯ್ರೇ ತಪ್ಪೋದು" ಅಂದರು ಮನೆಯವರು. ಅಕ್ಕಿ ರೊಟ್ಟಿ, ಕಳಲೆ ಪಲ್ಯ, ತಂಬುಳಿ. ಹೊರಡುವಾಗ ಒಂದು ಬಾಟಲಿ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ.

ಬಿದನೂರು ಅಂದರೆ ಈಗಿನ ನಗರ ಅನ್ನೋ ಊರು. 1763ರಲ್ಲಿ ರಾಣಿ ವೀರಮ್ಮಾಜಿ ಇದ್ದಾಗ ಹೈದರಾಲಿ ಬಂದು ಹಿಡಿದು ಊರಿಗೆ ತನ್ನ ಹೆಸರೇ ಇಟ್ಟ. ಅವನಿಗೆ ಗುಟ್ಟಿನ ದಾರಿ ತೋರಿಸೋಕೆ ಅರಮನೆಯ ಹಳೇ ಮಂತ್ರಿಯೊಬ್ಬ ಸಿಕ್ಕಿದ್ದನಂತೆ. ನಮಗಿದ್ದಿದ್ದು ಮೊಬೈಲು. ರಸ್ತೆ ಪಕ್ಕದಲ್ಲೇ ಇರೋ ಕೋಟೆಯ ಒಳಗೆ ಅಕ್ಕ ತಂಗಿ ಕೊಳದ ಹತ್ತಿರ ನಿಂತಿದ್ದೆವು, ನಕ್ಷೆಯಲ್ಲಿ ಮಾತ್ರ ಯಾವುದೋ ಹಿನ್ನೀರಿನ ನಟ್ಟನಡುವೆ ಇದ್ದೆವು. ಆ ಮಳೆಯಲ್ಲಿ ಅದು ಪೂರ್ತಿ ಸುಳ್ಳೂ ಅಲ್ಲ ಬಿಡಿ. ಕೊಡೆ ಅಷ್ಟರಲ್ಲಿ ಒಳಗಿನದು ಹೊರಗೆ ಮಾಡಿಕೊಂಡು ನಿವೃತ್ತಿ ತಗೊಂಡಿತ್ತು.

ಹೊಸನಗರದ ಬಸ್ಸು ಬಂತು, ತುಂಬಿ ಬಂತು. ಯಾವುದೋ ತಿರುವಿನಲ್ಲಿ ಬ್ಯಾಗಿನೊಳಗೆ ಬಾಟಲಿಯ ಮುಚ್ಚಳ ಬಿಚ್ಚಿಕೊಂಡಿತು. ನನ್ನ ಒಣಗಿದ ಕೊನೇ ಶರ್ಟು ಕೆಂಪಗಾಯಿತು, ಘಮ ಇಡೀ ಬಸ್ಸಿಗೆ ಹಬ್ಬಿತು. ಕಂಡಕ್ಟರ್ ಬೈಯುತ್ತಾರೆ ಅಂತ ನಾನು ಮುದುಡಿ ಕೂತೆ. ಅವರು ಟಿಕೆಟ್ ಕೊಡೋದು ಬಿಟ್ಟು ಮೂಗು ಅರಳಿಸಿ, "ಜೀರಿಗೆ ಮಿಡಿ ಅಲ್ವಾ?" ಅಂದರು. ಹಿಂದಿನಿಂದ ಒಬ್ಬರು "ಅಲ್ಲ ಅಲ್ಲ, ಕರ್ಪೂರದ ವಾಸನೆ ಇದು" ಅಂತ ಎದ್ದು ನಿಂತರು. ಬ್ಯಾಗು ನಾಲ್ಕಾರು ಸೀಟು ಸುತ್ತಿ ಬಂತು, ಡ್ರೈವರಿನ ತನಕವೂ ಹೋಗಿ ಬಂತು. ತೀರ್ಪು ಬರಲಿಲ್ಲ. ನಾವು ಇಳಿಯಬೇಕಾದ ಸ್ಟಾಪು ದಾಟಿ ಎಷ್ಟೋ ಹೊತ್ತಾಗಿತ್ತು, ಬಾಟಲಿಯಲ್ಲಿ ಬರೀ ರಸ ಉಳಿದಿತ್ತು.