ಗ್ರಾನೈಟ್ ಇದ್ದರಷ್ಟೇ ಸಾಲದು

ಗ್ರಾನೈಟ್ ಇದ್ದಲ್ಲೆಲ್ಲ ಉಕ್ಕಿಗೆ ಬೆರೆಸುವ ಲೋಹವಾದ ಮಾಲಿಬ್ಡಿನಮ್ ಸಿಗಬಹುದು, ಯಾದಗಿರಿಯ ಗುಡ್ಡಗಳನ್ನೂ ಕೊರೆದು ನೋಡಬೇಕು ಎಂದಿದ್ದೀರಿ. ಅಷ್ಟು ಸಲೀಸಲ್ಲ ಸ್ವಾಮಿ. ಶಿಲಾಪಾಕ, ಅಂದರೆ ಭೂಮಿಯೊಳಗಿನ ಕರಗಿದ ಬಂಡೆ, ನೆಲದಿಂದ ಕೆಲವೇ ಕಿಲೋಮೀಟರ್ ಕೆಳಗೆ ಬಂದು ತಣಿಯುವಾಗ ಅದರಲ್ಲಿ ಕರಗಿದ್ದ ನೀರು ಬೇರ್ಪಡುತ್ತದೆ. ಒತ್ತಡ ತಾಳಲಾರದೆ ಮೇಲಿನ ಬಂಡೆ ಬಲೆಬಲೆಯಾಗಿ ಬಿರಿಯುತ್ತದೆ. ಆ ಬಿರುಕುಗಳಲ್ಲಿ ಬೆಣಚುಕಲ್ಲಿನ ಜೊತೆ ಮಾಲಿಬ್ಡಿನಮ್‌ನ ಅದಿರಾದ ಮಾಲಿಬ್ಡಿನೈಟ್ ಕೂರುತ್ತದೆ. ಸೀಸಬಣ್ಣದ, ಪದರಪದರವಾದ ಖನಿಜ. ಉಜ್ಜಿದರೆ ಬೆರಳು ಕಪ್ಪಾಗುತ್ತದೆ. ಅಮೆರಿಕದ ಕೊಲರಾಡೊದಲ್ಲಿರುವ ಕ್ಲೈಮ್ಯಾಕ್ಸ್ ಮಾಲಿಬ್ಡಿನಮ್ ಗಣಿಯ ಅದಿರಿಗೆ ಸುಮಾರು 3 ಕೋಟಿ ವರ್ಷ. ನಮ್ಮ ಗ್ರಾನೈಟಿಗೋ ಸುಮಾರು 250 ಕೋಟಿ! ಇಷ್ಟು ಕಾಲದಲ್ಲಿ ಮೇಲಿದ್ದ ಬಂಡೆ ಕಿಲೋಮೀಟರುಗಟ್ಟಲೆ ಸವೆದುಹೋಗಿದೆ. ಅಂಥ ಅದಿರು ಇದ್ದಿದ್ದರೂ ಅದರೊಂದಿಗೇ ಕೊಚ್ಚಿಹೋಗಿರುವ ಸಾಧ್ಯತೆಯೇ ಹೆಚ್ಚು. ಯಾದಗಿರಿ ಜಿಲ್ಲೆಯದೇ ಆದ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಸಿಕ್ಕ ಯುರೇನಿಯಂ ಬೇರೆಯದೇ ಕಥೆ, ಅದನ್ನು ಇದಕ್ಕೆ ತಳುಕು ಹಾಕಬೇಡಿ.