ಒಂದು ವರ್ಷದ್ದು ಬೇಡಮ್ಮಾ, ಎರಡು ವರ್ಷದ್ದು ತಗೋ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತೆಂದರೆ ನನ್ನ ಝೆರಾಕ್ಸ್ ಅಂಗಡಿ ಮುಂದೆ ಚಪ್ಪಲಿ ರಾಶಿ ಬೀಳುತ್ತದೆ. ಕೊಪ್ಪಳ ಜಿಲ್ಲೆಯ ಒಂದು ತಾಲೂಕು ಊರು ನಮ್ಮದು. ಪಿಯುಸಿ, ಐಟಿಐ, ಡಿಪ್ಲೊಮಾ, ಸಿಇಟಿ, ಸ್ಕಾಲರ್‌ಶಿಪ್ಪು, ಎಲ್ಲದರ ಅರ್ಜಿಯೂ ಒಂದರ ಬೆನ್ನಿಗೆ ಒಂದು. ಎಲ್ಲರಿಗೂ ಕಾಲೇಜು, ಎಲ್ಲರಿಗೂ ಕೌಶಲ ಅಂತ ಸರ್ಕಾರದ ಗುರಿಗಳು ಪೇಪರಿನಲ್ಲಿ ಬರುತ್ತವಲ್ಲ, ಅದನ್ನು ನಾನು ಈ ಕೌಂಟರಿನಲ್ಲಿ ನಿಂತು ಓದುವವನು. ಹಾಗಾಗಿ ಸ್ವಲ್ಪ ಬೇರೆ ಥರ ಕಾಣುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ಗುರಿ ಇಟ್ಟಿತು. 2035ರ ಹೊತ್ತಿಗೆ ಉನ್ನತ ಶಿಕ್ಷಣದ ದಾಖಲಾತಿ ಪ್ರಮಾಣ ಶೇ. 50 ಆಗಬೇಕು, ವೃತ್ತಿ ಶಿಕ್ಷಣವೂ ಸೇರಿ. 2021-22ರ ಕೇಂದ್ರದ ಸಮೀಕ್ಷೆಯಲ್ಲಿ ದೇಶದ್ದು 28.4, ನಮ್ಮ ರಾಜ್ಯದ್ದು 36.2, ಪಕ್ಕದ ತಮಿಳುನಾಡಿನದ್ದು 47. ಆಮೇಲೆ ನಮ್ಮ ರಾಜ್ಯ ಆ ನೀತಿಯೇ ಬೇಡ ಅಂತ ತನ್ನದೇ ಆಯೋಗ ಮಾಡಿತು. ಆ ಜಗಳ ಇಲ್ಲಿ ಬೇಡ. ನನಗೆ ಕುತೂಹಲ ಇರುವುದು ಆ 36.2ರ ಬಗ್ಗೆ. ಅದರಲ್ಲಿ ಐಟಿಐ ಮಕ್ಕಳ ಲೆಕ್ಕವೇ ಇಲ್ಲ. ಗುರಿ ಹೇಳುವಾಗ ವೃತ್ತಿ ಶಿಕ್ಷಣ ಒಳಗೆ, ಎಣಿಸುವಾಗ ಐಟಿಐ ಹೊರಗೆ. ಹೆಂಗಿದೆ ನೋಡಿ.

ನಮ್ಮ ಭಾಗಕ್ಕೆ ಏನೂ ಕೊಟ್ಟಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 2002ರಲ್ಲಿ ನಂಜುಂಡಪ್ಪ ಸಮಿತಿ 114 ತಾಲೂಕುಗಳು ಹಿಂದುಳಿದಿವೆ ಅಂತ ಪಟ್ಟಿ ಕೊಟ್ಟಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. 2013ರಿಂದ ಸಂವಿಧಾನದ 371(ಜೆ) ವಿಧಿ ಇದೆ, ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವುದು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟು ಇಲ್ಲಿಯವರಿಗೆ, ರಾಜ್ಯದ ಬೇರೆ ಕಡೆ ಶೇ. 8. ಸಿಇಟಿಯಲ್ಲಿ ಗ್ರಾಮೀಣ ಕೋಟಾ 15, ಕನ್ನಡ ಮಾಧ್ಯಮಕ್ಕೆ 5. ಇದರಿಂದ ಡಾಕ್ಟರಾದ ಹುಡುಗರು ನಮ್ಮ ಓಣಿಯಲ್ಲೇ ಇದ್ದಾರೆ.

ಆದರೆ ಪ್ರತಿ ಕೋಟಾಕ್ಕೂ ಒಂದು ಕಾಗದ. ಹೋದ ವರ್ಷ ಒಬ್ಬ ತಾಯಿ ಬಂದಿದ್ದರು. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಮಗಳ ಇಡೀ ಭವಿಷ್ಯ. ಜಾತಿ-ಆದಾಯದ್ದು, 371(ಜೆ)ಯದ್ದು, ಗ್ರಾಮೀಣ ವ್ಯಾಸಂಗದ್ದು, ರೇಷನ್ ಕಾರ್ಡು. ಎಲ್ಲ ಸರಿ ಇತ್ತು. ಆದರೆ ಇಂಗ್ಲಿಷ್‌ನಲ್ಲಿ ಬರೆದ ಹೆಸರಿನ ಕೊನೆಗೆ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ‘ಎ’, ಆಧಾರ್‌ನಲ್ಲಿ ಎರಡು ‘ಎ’. ಸ್ಕಾಲರ್‌ಶಿಪ್ ಅರ್ಜಿ ಮುಂದಕ್ಕೇ ಹೋಗಲಿಲ್ಲ. “ಅಕ್ಷರ ಒಂದ್ ಹೆಚ್ಚಿದ್ರ ಏನಾತ್ರಿ ಅಣ್ಣಾರ, ಹುಡುಗಿ ಒಬ್ಬಾಕಿನ ಅಲ್ರಿ?” ಅಂದರು. ನಾನೇನು ಹೇಳಲಿ? ತಿದ್ದುಪಡಿಗೆ ಮೂರು ಸಲ ಓಡಾಡಿದರು, ಮೂರು ದಿನದ ಕೂಲಿ ಹೋಯಿತು. (ನನ್ನ ಅಂಗಡಿ ನಡೆಯುವುದೇ ಇಂಥ ತೊಡಕಿನಿಂದ, ಅದೂ ನಿಜ.)

ಅದಕ್ಕಿಂತ ಜಾಸ್ತಿ ಕಾಡುವುದು ನಾನೇ ಮಾಡಿದ ಒಂದು ತಪ್ಪು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ಅಪ್ಪನ ಜೊತೆ ಐಟಿಐ ಅರ್ಜಿ ಹಾಕಲು ಬಂದಳು. ಅವಳಿಗೆ ಎಲೆಕ್ಟ್ರಿಷಿಯನ್ ಆಸೆ, ಅದು ಎರಡು ವರ್ಷ. ಅಪ್ಪ, “ಹೆಣ್ಣುಡುಗಿ ಕಂಬ ಹತ್ತತಾಳೇನ್ರಿ? ಆ ಒಂದ್ ವರ್ಷದ ಕಂಪ್ಯೂಟರ್ ಹಾಕ್ರಿ, ಲಗೂ ಮುಗೀತದ” ಅಂದರು. ಹಿಂದೆ ಸಾಲು ಇತ್ತು. ಸುಮ್ನೆ ಟೈಪ್ ಮಾಡಿ ಪ್ರಿಂಟ್ ಕೊಟ್ಟೆ.

ಕೋರ್ಸ್ ಮುಗಿಸಿ ಅವಳೇ ವಾಪಸ್ ಬಂದಳು, ಡಿಪ್ಲೊಮಾ ಸೇರಬೇಕಂತೆ. ಎರಡು ವರ್ಷದ ಐಟಿಐ ಪಾಸಾದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ, ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ. ಪಿಯುಸಿ ಸೈನ್ಸ್ ಟ್ಯೂಷನ್ನಿಗೆ ದುಡ್ಡಿಲ್ಲದ ಮನೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಏಣಿ ನನಗಂತೂ ಗೊತ್ತಿಲ್ಲ. ಒಂದು ವರ್ಷದ ಟ್ರೇಡಿಗೆ ಆ ಮೆಟ್ಟಿಲೇ ಇಲ್ಲ. ಮೊದಲನೇ ವರ್ಷದಿಂದ ಶುರು ಮಾಡಬೇಕು ಅಂದೆ. ಅವಳು ಅರ್ಜಿ ತಗೊಳ್ಳದೆ ಹೋದಳು.

ಇದನ್ನು ಅವಳ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಹತ್ತನೇ ಕ್ಲಾಸಿನವರಿಗೆ ಇದನ್ನೆಲ್ಲ ಕೂರಿಸಿ ಹೇಳುವವರೇ ಇಲ್ಲ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ ಹೊಸ ಯಂತ್ರ ತಂದರು, ಸಂತೋಷ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಫ್ರೀ. ಇದರಿಂದ ದಿನಾ ಓಡಾಡಿ ಕಲಿಯುವ ಹುಡುಗಿಯರನ್ನು ಕಣ್ಣಾರೆ ನೋಡಿದ್ದೇನೆ. ಯಂತ್ರಕ್ಕೂ ಬಸ್ಸಿಗೂ ದುಡ್ಡು ಸಿಗುತ್ತದೆ. ಪ್ರತಿ ಹೈಸ್ಕೂಲಿಗೆ ಏಪ್ರಿಲ್‌ನಲ್ಲಿ ಒಬ್ಬರನ್ನು ಕಳಿಸಿ, ಯಾವ ಕೋರ್ಸಿನಿಂದ ಎಲ್ಲಿಗೆ ದಾರಿ ಅಂತ ಅಪ್ಪ-ಅಮ್ಮನ ಎದುರಿಗೇ ಹೇಳಿಸಲು ಎಷ್ಟು ಬೇಕು?

ಇನ್ನೊಂದು ಕೇಳುತ್ತೇನೆ. ಎಷ್ಟು ಜನ ಸೇರಿದರು ಅಂತ ಎಣಿಸುತ್ತೀರಿ. ಅರ್ಜಿ ಶುರು ಮಾಡಿ ಅರ್ಧಕ್ಕೆ ಬಿಟ್ಟವರೆಷ್ಟು, ಯಾವ ಕಾಗದಕ್ಕೆ ನಿಂತರು ಅಂತಲೂ ತಾಲೂಕುವಾರು ಎಣಿಸಿ. ಎಲ್ಲ ಆನ್‌ಲೈನ್ ತಾನೆ? ಅರ್ಧಕ್ಕೆ ನಿಂತ ಅರ್ಜಿಗಳು ಆ ಕಂಪ್ಯೂಟರಿನಲ್ಲೇ ಇರಬೇಕಲ್ವಾ?

ಈಗ ನನ್ನ ಕೌಂಟರಿನ ಗಾಜಿಗೆ ಒಂದು ಹಾಳೆ ಅಂಟಿಸಿದ್ದೇನೆ. ಎಸ್ಸೆಸ್ಸೆಲ್ಸಿ, ಎರಡು ವರ್ಷ ಐಟಿಐ, ಡಿಪ್ಲೊಮಾ ಎರಡನೇ ವರ್ಷ, ಡಿಸಿಇಟಿ, ಬಿಇ ಎರಡನೇ ವರ್ಷ. ನಡುವೆ ಬಾಣದ ಗುರುತು. ಮೊನ್ನೆ ಒಬ್ಬ ಅಪ್ಪ ಅದನ್ನು ಬೆರಳಿಟ್ಟು ಓದಿ, “ಇದು ಖರೇನ ಏನ್ರಿ? ಹೆಣ್ಣುಡುಗ್ಯಾರಿಗೂ?” ಅಂತ ಕೇಳಿದರು. ಹೌದ್ರಿ ಅಂದೆ. ಅದರದೇ ಒಂದು ಝೆರಾಕ್ಸ್ ಮಾಡಿಸಿಕೊಂಡು ಮಡಚಿ ಜೇಬಿಗಿಟ್ಟುಕೊಂಡರು.